ಗಣಿ ಮುಚ್ಚಿತು, ಊರು ಉಳಿಯಿತು: ಈಸಿಂಗ್ಟನ್ ಕೊಲಿಯರಿ ಬಗ್ಗೆ ಒಂದಿಷ್ಟು ಮಾತು

(ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿರುವ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಬಹಳ ಜನ ಈ ಕಡೆಗೆ ಬಂದಿದ್ದು ಆಸ್ಪತ್ರೆ ಕೆಲಸಕ್ಕೆ, ಇಲ್ಲಾ ಯೂನಿವರ್ಸಿಟಿಗೆ. ನ್ಯೂಕಾಸಲ್, ಡರ್ಹಮ್, ಸಂಡರ್‌ಲ್ಯಾಂಡ್ ಎಲ್ಲರೂ ನೋಡಿರುತ್ತೇವೆ. ಆದರೆ ಡರ್ಹಮ್ ಜಿಲ್ಲೆಯ ಕಡಲಂಚಿನಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿದ್ದ ಊರುಗಳಿವೆಯಲ್ಲ, ಸೀಹ್ಯಾಮ್, ಈಸಿಂಗ್ಟನ್, ಹಾರ್ಡನ್, ಬ್ಲ್ಯಾಕ್‌ಹಾಲ್, ಇವುಗಳನ್ನು ಕಾರಿನಿಂದಲೇ ನೋಡಿ ಮುಂದಕ್ಕೆ ಹೋಗುತ್ತೇವೆ. ಒಂದೇ ಥರದ ಇಟ್ಟಿಗೆ ಮನೆಗಳ ಸಾಲು, ಬಾಗಿಲು ಹಾಕಿದ ಅಂಗಡಿಗಳು, ಹಲಗೆ ಹೊಡೆದ ಕಿಟಕಿಗಳು. "ಇನ್ನೂ ಏನಿದೆ ಅಂತ ಜನ ಇಲ್ಲಿದ್ದಾರೆ? ಬೇರೆ ಕಡೆ ಹೋಗಬಾರದಾ?" ಅಂತ ನಮ್ಮವರೇ ಕೇಳುವುದನ್ನು ಕೇಳಿದ್ದೇನೆ. ಈ ಪ್ರಶ್ನೆ ನನಗೆ ಸರಿ ಬರುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ನಾನು ಆ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು. ಅಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ವಯಸ್ಸಾದ ಗಂಡಸರ ಕೈ, ಹಣೆ ನೋಡಿದಾಗ ಚರ್ಮದ ಕೆಳಗೆ ಸಣ್ಣ ಸಣ್ಣ ನೀಲಿ ಗೆರೆಗಳು ಕಾಣುತ್ತಿದ್ದವು. ಗಣಿಯೊಳಗೆ ಕೈಗೋ ಹಣೆಗೋ ತರಚಿದಾಗ ಕಲ್ಲಿದ್ದಲ ಪುಡಿ ಗಾಯದೊಳಗೆ ಸೇರಿಕೊಳ್ಳುತ್ತದೆ. ಗಾಯ ಮಾಯುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ, ಹಚ್ಚೆಯ ಹಾಗೆ. ಕಲ್ಲಿದ್ದಲ ಪದರ ತೆಳುವಾಗಿರುವ ಕಡೆ ಇವರು ಮಂಡಿ ಊರಿ, ಇಲ್ಲಾ ಪಕ್ಕಕ್ಕೆ ಮಲಗಿಕೊಂಡು ಕೆಲಸ ಮಾಡಿದವರು. ಛಾವಣಿಗೆ ಬೆನ್ನು ಉಜ್ಜಿ ಉಜ್ಜಿ ಬೆನ್ನುಮೂಳೆ ಉದ್ದಕ್ಕೂ ಗಂಟು ಕಟ್ಟುತ್ತಿತ್ತು. ಇನ್ನು ಕೆಲವರಿಗೆ ಅಂಗಿಯ ಗುಂಡಿ ಹಾಕುವುದೇ ಕಷ್ಟ, ವರ್ಷಗಟ್ಟಲೆ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬೆರಳುಗಳ ರಕ್ತನಾಳ, ನರ ಎರಡೂ ಕೆಟ್ಟಿರುತ್ತವೆ, ಚಳಿಗೆ ಬೆರಳು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಉಸಿರಿನ ತೊಂದರೆಯಂತೂ ಕೇಳಲೇಬೇಡಿ. ಗಣಿ ಮುಚ್ಚಿ ಮೂವತ್ತು ವರ್ಷ ದಾಟಿದೆ, ಈ ಜನರ ಮೈಯಲ್ಲಿ ಅದು ಇನ್ನೂ ಇದೆ.

ಈಗ ಊರಿನ ಕಥೆಗೆ ಬರೋಣ. ಈಸಿಂಗ್ಟನ್ ಅಂದರೆ ಎರಡು ಊರು. ಮೇಲೆ ಹಳೇ ಚರ್ಚಿನ ಸುತ್ತ ಇರುವುದು ಈಸಿಂಗ್ಟನ್ ವಿಲೇಜ್, ನೂರಾರು ವರ್ಷ ಹಳೆಯದು. ಕೆಳಗೆ ಕಡಲ ಕಡೆಗಿರುವುದು ಈಸಿಂಗ್ಟನ್ ಕೊಲಿಯರಿ. ಕೊಲಿಯರಿ ಅಂದರೆ ಕಲ್ಲಿದ್ದಲು ಗಣಿ, ಈ ಊರು ಗಣಿಗೋಸ್ಕರವೇ ಹುಟ್ಟಿದ್ದು. 1899ರಲ್ಲಿ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ತೋಡಲು ಶುರು ಮಾಡಿದರು. ಆ ನೆಲದಲ್ಲಿ ಸುಣ್ಣಕಲ್ಲಿನ ಪದರ, ಅದರ ತುಂಬಾ ನೀರು. ನೀರು ನುಗ್ಗಿ ಕೆಲಸ ನಿಲ್ಲುತ್ತಿತ್ತು. ಕೊನೆಗೆ ಸುತ್ತಲ ನೆಲವನ್ನು ಹೆಪ್ಪುಗಟ್ಟಿಸಿ ಆ ಮಂಜುಗಡ್ಡೆಯ ನಡುವೆ ಕೊರೆದುಕೊಂಡು ಇಳಿದರು. ಕಲ್ಲಿದ್ದಲು ಮೇಲೆ ಬಂದಿದ್ದು 1910ರಲ್ಲಿ. ಆಮೇಲೆ ಸುರಂಗಗಳು ಕಡಲ ಕೆಳಗೆ ಮೈಲಿಗಟ್ಟಲೆ ಹೋದವು.

ಜನ ಬೇಕಲ್ಲ, ಅವರಿಗೆ ಮನೆ ಬೇಕಲ್ಲ. ಕಂಪನಿ ಸಾಲು ಮನೆಗಳನ್ನು ಕಟ್ಟಿತು. ಬೀದಿಗಳಿಗೆ ಅಕ್ಷರಮಾಲೆ ಪ್ರಕಾರ ಹೆಸರಿಟ್ಟರು, ಎ ಅಕ್ಷರದಿಂದ ಶುರುವಾಗುವ ಬೀದಿಗಳು ಒಂದು ಗುಂಪು, ಬಿ ಅಕ್ಷರದವು ಇನ್ನೊಂದು ಗುಂಪು, ಹೀಗೆ. ಪಕ್ಕದ ಹಾರ್ಡನ್‌ನಲ್ಲಿ ಅದೂ ಇಲ್ಲ, ಫಸ್ಟ್ ಸ್ಟ್ರೀಟ್, ಸೆಕೆಂಡ್ ಸ್ಟ್ರೀಟ್ ಅಂತ ಬರೀ ನಂಬರು. ಮನೆ ಕಂಪನಿಯದು. ಒಲೆಗೆ ಹಾಕುವ ಕಲ್ಲಿದ್ದಲೂ ಕಂಪನಿಯದೇ, ಸಂಬಳದ ಭಾಗವಾಗಿ ಸಿಗುತ್ತಿತ್ತು, ಗಾಡಿಯವನು ತಂದು ಹಿತ್ತಲ ಓಣಿಯಲ್ಲಿ ಸುರಿದು ಹೋಗುತ್ತಿದ್ದ. ಅದೇ ಓಣಿಯಲ್ಲಿ ಹೆಂಗಸರು ಬಟ್ಟೆ ಒಣಹಾಕುತ್ತಿದ್ದದ್ದು. ಬಟ್ಟೆ ಒಗೆದ ದಿನವೇ ಗಾಡಿ ಬಂತು ಅಂದರೆ ಓಣಿಯ ಈ ತುದಿಯಿಂದ ಆ ತುದಿವರೆಗೂ ಹಗ್ಗ ಬಿಚ್ಚುವ ಗಡಿಬಿಡಿ.

ಹೆಂಗಸರ ಕೆಲಸದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಂದು ಮನೆಯಲ್ಲಿ ಅಪ್ಪ, ಮೂವರು ಮಕ್ಕಳು ಗಣಿಗೆ ಹೋಗುತ್ತಾರೆ ಅಂದುಕೊಳ್ಳಿ. ಒಬ್ಬೊಬ್ಬರದು ಒಂದೊಂದು ಪಾಳಿ. ಒಬ್ಬ ಬೆಳಗಿನ ಜಾವ ಎದ್ದು ಹೊರಡುವಾಗ ಇನ್ನೊಬ್ಬ ಮಸಿ ಬಳಿದುಕೊಂಡು ಬರುತ್ತಾನೆ. ಗಣಿಯ ಹತ್ತಿರ ಸ್ನಾನದ ಮನೆಗಳು ಬರುವ ಮೊದಲು ಎಲ್ಲರ ಸ್ನಾನವೂ ಮನೆಯೊಳಗೇ, ಬೆಂಕಿಗೂಡಿನ ಮುಂದೆ ತಗಡಿನ ತೊಟ್ಟಿ ಇಟ್ಟುಕೊಂಡು. ನೀರು ಕಾಯಿಸಿ ಎತ್ತಿ ಸುರಿಯುವವಳು ಅಮ್ಮ. ಕೊಡವಿ ಒಣಗಿಸಬೇಕಾದ ಬಟ್ಟೆ, ಪ್ರತಿ ಪಾಳಿಗೂ ಬಿಸಿ ಊಟ, ಕಟ್ಟಿಕೊಡುವ ಬುತ್ತಿ. ಆ ತಾಯಿ ರಾತ್ರಿ ಪೂರ್ತಿ ಮಲಗಿದ ದಿನ ಅಪರೂಪ. ಇದರ ನಡುವೆ ಹಳೇ ಕೋಟು, ಪ್ಯಾಂಟುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮರದ ಚೌಕಟ್ಟಿಗೆ ಗೋಣಿತಾಟು ಬಿಗಿದು, ಪಟ್ಟಿಗಳನ್ನು ಅದರಲ್ಲಿ ಚುಚ್ಚಿ ದಪ್ಪನೆಯ ನೆಲಹಾಸು ಮಾಡುತ್ತಿದ್ದರು. ಪ್ರಾಗಿ ಮ್ಯಾಟ್ ಅಂತ ಅದಕ್ಕೆ ಹೆಸರು. ನಮ್ಮ ಕೌದಿ ನೋಡಿದವರಿಗೆ ತಟ್ಟನೆ ಗುರುತು ಸಿಗುತ್ತದೆ. ಈಗಲೂ ಕಮ್ಯುನಿಟಿ ಹಾಲ್‌ಗಳಲ್ಲಿ ಇದನ್ನು ಕಲಿಸುತ್ತಾರೆ. ಹೋಗಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ.

ಕಂಪನಿ ಮನೆ ಅಂದೆನಲ್ಲ, ಅದರ ಇನ್ನೊಂದು ಮುಖ ಇದೆ. ಕೆಲಸ ಇರುವವರೆಗೆ ಮಾತ್ರ ಮನೆ. ಗಂಡ ಗಣಿಯಲ್ಲಿ ಸತ್ತರೆ, ದುಡಿಯುವ ಮಗ ಇಲ್ಲದಿದ್ದರೆ ಹೆಂಡತಿ ಮಕ್ಕಳು ಮನೆ ಖಾಲಿ ಮಾಡಬೇಕು. ವಯಸ್ಸಾಗಿ ಕೆಲಸ ಬಿಟ್ಟವನೂ ಅಷ್ಟೇ. ಮುಷ್ಕರ ಮಾಡಿದರೆ ಸಾಮಾನನ್ನೆಲ್ಲ ಬೀದಿಗೆ ಎಸೆಯುತ್ತಿದ್ದರು. 19ನೇ ಶತಮಾನದಲ್ಲಿ ಡರ್ಹಮ್‌ನಲ್ಲಿ ಇದು ಮತ್ತೆ ಮತ್ತೆ ಆಗಿದೆ. 1872ರವರೆಗೂ ಅಲ್ಲಿ ವರ್ಷದ ಕರಾರಿನ ಪದ್ಧತಿ ಇತ್ತು. ಒಂದು ಸಲ ಸಹಿ ಹಾಕಿದರೆ, ಓದಲು ಬಾರದವರಾದರೆ ಒಂದು ಗೀಟು ಎಳೆದರೆ, ಇಡೀ ವರ್ಷ ಆ ಗಣಿಗೇ ಕಟ್ಟುಬಿದ್ದ ಹಾಗೆ. ಬಿಟ್ಟು ಹೋದರೆ ಜೈಲು.

ಇದಕ್ಕೆ ಜನ ಏನು ಮಾಡಿದರು? ನನಗೆ ಈ ಊರುಗಳ ಮೇಲೆ ಗೌರವ ಬಂದಿದ್ದು ಇಲ್ಲಿಂದಲೇ. 1898ರಲ್ಲಿ ಜೋಸೆಫ್ ಹಾಪರ್ ಎಂಬ ಗಣಿ ಕಾರ್ಮಿಕ, ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು, ವಯಸ್ಸಾದ ಕಾರ್ಮಿಕರಿಗೆ ಮನೆ ಕೊಡಿಸುವ ಸಂಘ ಕಟ್ಟಿದರು. ದುಡಿಯುವವರು ತಮ್ಮ ಸಂಬಳದಿಂದ ಪುಡಿಗಾಸು ಕೊಟ್ಟರು, ಅದರಿಂದ ಸಣ್ಣ ಸಣ್ಣ ಮನೆಗಳು ಎದ್ದವು. ಸರ್ಕಾರ ವೃದ್ಧರಿಗೆ ಪಿಂಚಣಿ ಕೊಡಲು ಶುರು ಮಾಡಿದ್ದೇ 1909ರಲ್ಲಿ, ಅದಕ್ಕೂ ಮುಂಚೆ ಇವರು ಮನೆ ಕಟ್ಟಿ ಕೊಟ್ಟಿದ್ದರು. ಆ ಮನೆಗಳು ಈಗಲೂ ಜಿಲ್ಲೆಯ ತುಂಬಾ ಇವೆ, ಜನ ವಾಸವಾಗಿದ್ದಾರೆ. ಊರಿನ ಸಹಕಾರಿ ಅಂಗಡಿ ಅವರದೇ. ಓದುವ ಕೋಣೆ, ಬ್ಯಾಂಡು, ಕಾರ್ಮಿಕರ ವೆಲ್‌ಫೇರ್ ಹಾಲ್, ಆಟದ ಮೈದಾನ, ಎಲ್ಲದರಲ್ಲೂ ಅವರ ದುಡ್ಡು ಇದೆ. ಅಂದರೆ ಕಂಪನಿ ಕಟ್ಟಿದ ಊರು ಒಂದಾದರೆ, ಜನ ಕಾಸಿಗೆ ಕಾಸು ಸೇರಿಸಿ ಅದರೊಳಗೇ ಕಟ್ಟಿಕೊಂಡ ಊರು ಇನ್ನೊಂದು. 1993ರಲ್ಲಿ ಮುಚ್ಚಿದ್ದು ಮೊದಲನೆಯದು. ಎರಡನೆಯದನ್ನು ಬಿಟ್ಟು ಹೋಗಿ ಅಂತ ಹೇಳಲು ನಾವು ಯಾರು?

ಕ್ಯಾವಿಲ್ ಅನ್ನುವ ಒಂದು ಪದ್ಧತಿ ಬಗ್ಗೆ ಹೇಳಲೇಬೇಕು. ಗಣಿಯೊಳಗೆ ಎಲ್ಲ ಜಾಗ ಒಂದೇ ಥರ ಇರುವುದಿಲ್ಲ. ಒಂದು ಕಡೆ ಕಲ್ಲಿದ್ದಲು ಮೆತ್ತಗೆ, ಸಲೀಸಾಗಿ ಬರುತ್ತದೆ. ಇನ್ನೊಂದು ಕಡೆ ಮೊಣಕಾಲುದ್ದ ನೀರು, ಕಲ್ಲು ಗಟ್ಟಿ. ಕೂಲಿ ಕೊಡುವುದು ತೆಗೆದ ತೂಕಕ್ಕೆ. ಯಾರಿಗೆ ಯಾವ ಜಾಗ ಅಂತ ಮೇಸ್ತ್ರಿ ತೀರ್ಮಾನ ಮಾಡಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಬಂದ ಜಾಗವೇ ಆ ಮೂರು ತಿಂಗಳು ನಿಮ್ಮದು. ಒಂದೇ ಜಾಗದಲ್ಲಿ ಬೇರೆ ಬೇರೆ ಪಾಳಿಯಲ್ಲಿ ಕೆಲಸ ಮಾಡುವ ಜೊತೆಗಾರರು ಸಂಬಳವನ್ನೂ ಒಟ್ಟಿಗೆ ತೆಗೆದುಕೊಂಡು ಹಂಚಿಕೊಳ್ಳುತ್ತಿದ್ದರು. ಅಂಥ ಜೊತೆಗಾರನಿಗೆ ಮಾರಾ ಅನ್ನುತ್ತಾರೆ. ಕೆಳಗೆ ಛಾವಣಿ ಕುಸಿದರೆ ಮೊದಲು ಮಣ್ಣು ಅಗೆಯುವವನು ಅವನೇ. ಇವತ್ತಿಗೂ ನನ್ನ ಹತ್ತಿರ ಬರುವ ಹಿರಿಯರು "ನನ್ನ ಮಾರಾ ಹೋಗಿಬಿಟ್ಟ" ಅಂತ ಹೇಳಿ ಸುಮ್ಮನೆ ಕೂರುತ್ತಾರೆ. ಆಗ ನಾನೂ ಮಾತ್ರೆ ಬರೆಯುವ ಅವಸರ ಮಾಡುವುದಿಲ್ಲ.

1951ರ ಮೇ 29ರ ಬೆಳಗಿನ ಜಾವ ಈಸಿಂಗ್ಟನ್ ಗಣಿಯಲ್ಲಿ ಸ್ಫೋಟ ಆಯಿತು. ಕಲ್ಲಿದ್ದಲು ಕತ್ತರಿಸುವ ಯಂತ್ರದ ಹಲ್ಲು ಗಟ್ಟಿ ಖನಿಜಕ್ಕೆ ತಾಗಿ ಕಿಡಿ ಹಾರಿತು, ಅಲ್ಲಿ ಸೇರಿಕೊಂಡಿದ್ದ ಗ್ಯಾಸ್ ಹೊತ್ತಿಕೊಂಡಿತು, ಆಮೇಲೆ ಕಲ್ಲಿದ್ದಲ ಧೂಳೇ ಉರಿಯುತ್ತಾ ಸುರಂಗದ ಉದ್ದಕ್ಕೂ ಹರಡಿತು. ಪಾಳಿ ಬದಲಾಗುವ ಹೊತ್ತು ಅದು, ಎರಡು ಪಾಳಿಯವರೂ ಒಳಗಿದ್ದರು. 81 ಕಾರ್ಮಿಕರು, ಅವರನ್ನು ಹುಡುಕಲು ಇಳಿದ ಇಬ್ಬರು, ಒಟ್ಟು 83 ಜನ ಹೋದರು. ಒಂದೇ ಗಣಿಯಲ್ಲಿ 83 ಜನ ಅಂದರೆ ಯಾವ ಬೀದಿ ತಾನೇ ಉಳಿದೀತು? ಅವರ ನೆನಪಿಗೆ ಊರಲ್ಲಿ ಮರಗಳ ಸಾಲು ನೆಟ್ಟಿದ್ದಾರೆ, ಸ್ಫೋಟ ಆದ ಜಾಗದಿಂದಲೇ ತಂದ ಒಂದು ಕಲ್ಲನ್ನೂ ಇಟ್ಟಿದ್ದಾರೆ. ಆ ಹೊತ್ತಿಗೆ ಗಣಿ ಜನರದೇ ಆಗಿತ್ತು ಅನ್ನುವುದು ಇನ್ನೂ ನೋವಿನ ಸಂಗತಿ. 1947ರ ಜನವರಿ 1ರಂದು ಬ್ರಿಟನ್ನಿನ ಗಣಿಗಳು ಸರ್ಕಾರದ ಕೈಗೆ ಬಂದಾಗ, ಜನರ ಪರವಾಗಿ ಇನ್ನು ಮುಂದೆ ನಾವು ನಡೆಸುತ್ತೇವೆ ಅಂತ ಪ್ರತಿ ಗಣಿಯ ಮುಂದೆಯೂ ಬೋರ್ಡು ಹಾಕಿದ್ದರು, ಬಾವುಟ ಹಾರಿಸಿದ್ದರು.

ಅದೇ 1951ರಲ್ಲಿ ಡರ್ಹಮ್ ಕೌಂಟಿ ಕೌನ್ಸಿಲ್ ಊರುಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿತು. ಗಣಿ ಖಾಲಿಯಾದ, ಆಗಲಿರುವ ನೂರಕ್ಕೂ ಜಾಸ್ತಿ ಊರುಗಳಿಗೆ ಡಿ ದರ್ಜೆ ಸಿಕ್ಕಿತು. ಡಿ ಅಂದರೆ ಹೊಸ ಮನೆ ಇಲ್ಲ, ಹೊಸ ಖರ್ಚು ಇಲ್ಲ, ತಾನಾಗಿ ಸಾಯಲಿ ಅಂತ. ಕೆಲವು ಊರುಗಳನ್ನು ಪೂರ್ತಿ ಕೆಡವಿದರು. ಆದರೆ ವಿಟನ್ ಪಾರ್ಕ್‌ನಂಥ ಊರಿನ ಜನ ಹಟ ಹಿಡಿದು ಕೂತರು, ಹೋರಾಡಿದರು, 1970ರ ದಶಕದಲ್ಲಿ ಕೌನ್ಸಿಲ್ ಆ ನೀತಿಯನ್ನೇ ಕೈಬಿಟ್ಟಿತು. "ಬೇರೆ ಕಡೆ ಹೋಗಬಾರದಾ?" ಅನ್ನುವ ಪ್ರಶ್ನೆಯನ್ನು ಈ ಜನ ಸರ್ಕಾರದ ಬಾಯಿಂದಲೇ ಕೇಳಿ, ಉತ್ತರ ಕೊಟ್ಟು ಆಗಿದೆ.

1984ರ ಮುಷ್ಕರ ನಿಮಗೆಲ್ಲ ಸ್ವಲ್ಪ ಗೊತ್ತಿರುತ್ತದೆ. 20 ಗಣಿ ಮುಚ್ಚುತ್ತೇವೆ ಅಂತ ಸರ್ಕಾರದ ಕಲ್ಲಿದ್ದಲು ಮಂಡಳಿ ಹೇಳಿತು, ಮಾರ್ಚ್‌ನಲ್ಲಿ ಶುರುವಾದ ಮುಷ್ಕರ ಒಂದು ವರ್ಷ ನಡೆಯಿತು. ಪ್ರಧಾನಿ ಥ್ಯಾಚರ್ ಒಂದು ಕಡೆ, ಗಣಿ ಕಾರ್ಮಿಕರ ಯೂನಿಯನ್ ಅಧ್ಯಕ್ಷ ಆರ್ಥರ್ ಸ್ಕಾರ್ಗಿಲ್ ಇನ್ನೊಂದು ಕಡೆ ಅಂತ ಟಿವಿ ತೋರಿಸುತ್ತದೆ. ಊರೊಳಗಿನ ಕಥೆ ಬೇರೆ. ಮನೆಗೆ ಸಂಬಳ ಇಲ್ಲ. ಯೂನಿಯನ್ ಮುಷ್ಕರದ ಭತ್ಯೆ ಕೊಡುತ್ತಿರಬೇಕು ಅಂತ ಸರ್ಕಾರವೇ ಊಹೆ ಮಾಡಿಕೊಂಡು, ಹೆಂಡತಿ ಮಕ್ಕಳಿಗೆ ಬರಬೇಕಾದ ನೆರವಿನಲ್ಲಿ ವಾರಕ್ಕೆ 15 ಪೌಂಡ್ ಕಡಿತ ಮಾಡುತ್ತಿತ್ತು. ಆ ಭತ್ಯೆ ಬರುತ್ತಿರಲೇ ಇಲ್ಲ. ಹೆಂಗಸರು ಅಡುಗೆ ಮನೆಗಳನ್ನು ತೆರೆದರು, ದಿನವೂ ನೂರಾರು ಜನಕ್ಕೆ ಬಡಿಸಿದರು, ವೇದಿಕೆ ಹತ್ತಿ ಭಾಷಣ ಮಾಡಿದರು. ಅದುವರೆಗೆ ಸಭೆಯಲ್ಲಿ ಬಾಯಿ ಬಿಟ್ಟಿರದವರು ಅವರಲ್ಲಿ ಎಷ್ಟೋ ಮಂದಿ. 1984ರ ಆಗಸ್ಟ್‌ನಲ್ಲಿ ಈಸಿಂಗ್ಟನ್‌ನಲ್ಲಿ ಒಬ್ಬನೇ ಒಬ್ಬ ಕೆಲಸಕ್ಕೆ ಹೋಗಲು ಒಪ್ಪಿದ. ಅವನನ್ನು ಒಳಗೆ ಕಳಿಸಲು ಶೀಲ್ಡು, ಹೆಲ್ಮೆಟ್ಟು ಹಿಡಿದ ಪೊಲೀಸರು ಊರು ತುಂಬಿಕೊಂಡರು. ಮುಷ್ಕರ ಮುರಿದವರ ಮನೆಯವರ ಜೊತೆ ಇವತ್ತಿಗೂ ಮಾತಿಲ್ಲದ ಮನೆಗಳಿವೆ. ಅಣ್ಣ ತಮ್ಮ ಒಂದೇ ಬೀದಿಯಲ್ಲಿದ್ದು ಮಾತು ಬಿಟ್ಟವರಿದ್ದಾರೆ. ನೀವು ಅಲ್ಲಿ ಕೆಲಸ ಮಾಡುವುದಾದರೆ ಈ ವಿಷಯವನ್ನು ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

1992ರ ಅಕ್ಟೋಬರ್‌ನಲ್ಲಿ ಉಳಿದಿದ್ದ 50 ಗಣಿಗಳಲ್ಲಿ 31 ಮುಚ್ಚುವ ತೀರ್ಮಾನ ಬಂತು. 1993ರ ಮೇ 7ಕ್ಕೆ ಈಸಿಂಗ್ಟನ್ ಮುಚ್ಚಿತು, ಸುಮಾರು 1,400 ಜನರ ಕೆಲಸ ಹೋಯಿತು. ಆ ವರ್ಷದ ಕೊನೆಗೆ ಸಂಡರ್‌ಲ್ಯಾಂಡಿನ ವೇರ್‌ಮೌತ್ ಕೂಡ. ನೀವು ಫುಟ್‌ಬಾಲ್ ನೋಡಲು ಹೋಗುವ ಸ್ಟೇಡಿಯಂ ಆಫ್ ಲೈಟ್ ನಿಂತಿರುವುದು ಆ ಗಣಿಯ ಜಾಗದಲ್ಲೇ.

ಮುಚ್ಚಿದ ಮೇಲೆ ಏನಾಯಿತು? ಪರಿಹಾರದ ದುಡ್ಡು ಬಂತು, ಕಾರು, ರಜೆ ಅಂತ ಖರ್ಚಾಯಿತು, ಕೆಲವರು ಸಣ್ಣ ಅಂಗಡಿ ಇಟ್ಟರು. ಆದರೆ ಅಂಗಡಿಗೆ ಬರುವವರ ಸಂಬಳವೂ ಗಣಿಯಿಂದಲೇ ಬರುತ್ತಿದ್ದದ್ದು, ಅಲ್ವಾ. ಸಂಡರ್‌ಲ್ಯಾಂಡಿನಲ್ಲಿ ನಿಸ್ಸಾನ್ ಕಾರ್ಖಾನೆ 1986ರಲ್ಲೇ ಶುರುವಾಗಿತ್ತು, ಪಕ್ಕದ ಪೀಟರ್‌ಲೀ ಪಟ್ಟಣದಲ್ಲೂ ಕೈಗಾರಿಕೆಗಳಿದ್ದವು, ಆದರೆ ಅಲ್ಲಿ ಐವತ್ತು ದಾಟಿದ ಗಣಿ ಕೆಲಸಗಾರನನ್ನು ಕರೆಯುವವರು ಕಡಿಮೆ. ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಅನಾರೋಗ್ಯ ಭತ್ಯೆಗೆ ಹೋದವರು ಬಹಳ. ಸೋಮಾರಿಗಳು ಅಂತ ಪೇಪರಿನವರು ಬರೆದರು. ಅವರ ಶ್ವಾಸಕೋಶದ ಎಕ್ಸ್‌ರೇ ನೋಡಿದ ನನಗೆ ಆ ಮಾತು ಓದಿದಾಗ ಸಿಟ್ಟು ಬರುತ್ತದೆ. ಮನೆಗಳದು ಇನ್ನೊಂದು ದುಃಖ. ಕೆಲವನ್ನು ಬಾಡಿಗೆದಾರರೇ ಕೊಂಡರು. ಉಳಿದವು ಹರಾಜಿನಲ್ಲಿ ದೂರದೂರಿನ ಮಾಲೀಕರಿಗೆ ಹೋದವು, ಅವರು ಊರು ನೋಡಿಯೇ ಇಲ್ಲ. ಬಾಡಿಗೆ ಬಂದರೆ ಸಾಕು, ಸೂರು ಸೋರಿದರೆ ಕೇಳುವವರಿಲ್ಲ. ಕೆಲವು ಸಾಲುಗಳನ್ನು ಕೆಡವಿಯೇ ಬಿಟ್ಟರು. ಮಕ್ಕಳು ಮಾದಕ ವಸ್ತುಗಳಿಗೆ ಬಿದ್ದ ಕಾಲ ಅದು. ಅಂಥವರಲ್ಲಿ ಕೆಲವರನ್ನು ಈಗ ಅವರ ಅಜ್ಜ ಅಜ್ಜಿಯರ ಜೊತೆ ನೋಡುತ್ತೇನೆ, ಚೆನ್ನಾಗಿದ್ದಾರೆ. ಎಲ್ಲರೂ ಇಲ್ಲ.

ಕಡಲ ದಂಡೆ ಮಾತ್ರ ನಿಜಕ್ಕೂ ಬದಲಾಗಿದೆ. ಗಣಿಯ ಕಸವನ್ನೆಲ್ಲ ದಶಕಗಟ್ಟಲೆ ನೇರ ಕಡಲಿಗೆ ಸುರಿಯುತ್ತಿದ್ದರು, ದಂಡೆ ಪೂರ್ತಿ ಕಪ್ಪು. ಜನ ಸೈಕಲ್ಲು, ಗಾಡಿ ತಂದು ಅಲೆ ತಂದು ಹಾಕಿದ ಕಲ್ಲಿದ್ದಲನ್ನು ಆರಿಸಿ ಒಯ್ಯುತ್ತಿದ್ದರು. 1997ರಿಂದ 2002ರವರೆಗೆ ದೊಡ್ಡ ಯೋಜನೆ ಹಾಕಿ ಹತ್ತು ಲಕ್ಷ ಟನ್ನಿಗೂ ಜಾಸ್ತಿ ಕಸ ತೆಗೆದರು. ಉಳಿದದ್ದನ್ನು ಕಡಲೇ ತೊಳೆಯುತ್ತಿದೆ. ಈಗ ಸುಣ್ಣಕಲ್ಲಿನ ಬಂಡೆಗಳ ಮೇಲಿನ ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಕಾಡು ಆರ್ಕಿಡ್ ಹೂವು ಅರಳುತ್ತವೆ. ಈಸಿಂಗ್ಟನ್‌ನಲ್ಲಿ ಗಣಿ ಇದ್ದ ಜಾಗ ಈಗ ಹುಲ್ಲಿನ ದಿಬ್ಬ, ಜನರನ್ನು ಕೆಳಗಿಳಿಸುತ್ತಿದ್ದ ಕೇಜ್ ಒಂದನ್ನು ಅಲ್ಲಿ ನಿಲ್ಲಿಸಿದ್ದಾರೆ. ಹಾರ್ಡನ್‌ಗೆ 2020ರಲ್ಲಿ ರೈಲು ನಿಲ್ದಾಣ ವಾಪಸ್ ಬಂತು, ಅಲ್ಲಿ ಇಳಿದು ಕಡಲಂಚಿನಲ್ಲೇ ನಡೆದು ಬರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ಜುಲೈ ತಿಂಗಳ ಎರಡನೇ ಶನಿವಾರ ಡರ್ಹಮ್‌ಗೂ ಹೋಗಿ. 1871ರಲ್ಲಿ ಶುರುವಾದ ಗಣಿ ಕಾರ್ಮಿಕರ ಜಾತ್ರೆ ಅದು. ಜಿಲ್ಲೆಯಲ್ಲಿ ಒಂದೂ ಗಣಿ ಇಲ್ಲದಿದ್ದರೂ ಪ್ರತಿ ಊರಿನವರೂ ತಮ್ಮ ರೇಷ್ಮೆ ಬ್ಯಾನರ್ ಎತ್ತಿಕೊಂಡು, ಹಿತ್ತಾಳೆ ವಾದ್ಯಗಳ ಬ್ಯಾಂಡಿನ ಹಿಂದೆ ನಡೆದು ಬರುತ್ತಾರೆ. ಆ ವರ್ಷ ಗಣಿಯಲ್ಲಿ ಯಾರಾದರೂ ಸತ್ತಿದ್ದರೆ ಬ್ಯಾನರಿಗೆ ಕಪ್ಪು ಬಟ್ಟೆ ಕಟ್ಟುವ ಸಂಪ್ರದಾಯ ಇತ್ತು. ಕೆಲವು ಬ್ಯಾನರುಗಳನ್ನು ಕ್ಯಾಥೆಡ್ರಲ್ ಒಳಗೆ ಒಯ್ದು ಪ್ರಾರ್ಥನೆ ಮಾಡಿಸುತ್ತಾರೆ. ಹಳೇ ಬ್ಯಾನರು ಹರಿದು ಹೋದ ಊರುಗಳು ಚಂದಾ ಎತ್ತಿ ಹೊಸದು ಮಾಡಿಸುತ್ತಿವೆ. ಅದನ್ನು ಹಿಡಿದುಕೊಂಡು ನಡೆಯುವವರಲ್ಲಿ ಗಣಿಯ ಮುಖವನ್ನೇ ನೋಡದ ಶಾಲೆ ಮಕ್ಕಳಿರುತ್ತಾರೆ. ಸುಮ್ನೆ ನೋಡಲು ಹೋದವರೂ ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ.

ಸಭೆಯಲ್ಲಿದ್ದ ಒಬ್ಬರು ಕೆಜಿಎಫ್‌ನಲ್ಲಿ ಬೆಳೆದವರು. "ನಮ್ಮದೂ ಇದೇ ಕಥೆಯಲ್ಲವೇ ಸರ್?" ಅಂದರು. ಬಹಳ ಮಟ್ಟಿಗೆ ಹೌದು. ಕೋಲಾರದ ಚಿನ್ನದ ಗಣಿಯನ್ನು 1880ರಿಂದ ಬೆಳೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಅಲ್ಲೂ ಕಂಪನಿಯ ಲೈನ್ ಮನೆ, ಕಂಪನಿಯ ಆಸ್ಪತ್ರೆ. 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಬೆಳಗಾದರೆ ಬೆಂಗಳೂರಿನ ರೈಲು ಹತ್ತುವ ಜನ. ಒಂದು ವ್ಯತ್ಯಾಸ ಹೇಳಿದೆ. ಡರ್ಹಮ್‌ನಲ್ಲಿ ಕಾರ್ಮಿಕರ ಪಕ್ಷವಾದ ಲೇಬರ್ 1919ರಲ್ಲೇ ಕೌಂಟಿ ಕೌನ್ಸಿಲ್ ಗೆದ್ದಿತು, ಅದರ ಅಧ್ಯಕ್ಷರಾದ ಪೀಟರ್ ಲೀ ಚಿಕ್ಕ ವಯಸ್ಸಿನಲ್ಲೇ ಗಣಿಗಿಳಿದವರು. ಪೀಟರ್‌ಲೀ ಪಟ್ಟಣಕ್ಕೆ ಅವರದೇ ಹೆಸರು. ಊರ ನೀರು, ರಸ್ತೆಯ ಬಗ್ಗೆ ತೀರ್ಮಾನ ಮಾಡುವ ಕುರ್ಚಿಯಲ್ಲಿ ಗಣಿಯವರೇ ಕೂತಿದ್ದರು. ಕೆಜಿಎಫ್ ಜನಕ್ಕೆ ಅಂಥ ಅವಕಾಶ ಸಿಗಲಿಲ್ಲ. ಈಗ ಡರ್ಹಮ್‌ನಲ್ಲೂ ಆ ನಂಬಿಕೆ ಸಡಿಲವಾಗಿದೆ, 2025ರಲ್ಲಿ ಕೌನ್ಸಿಲ್ ಬಲಪಂಥೀಯ ರಿಫಾರ್ಮ್ ಪಕ್ಷದ ಕೈಗೆ ಹೋಯಿತು. ನನ್ನ ಮಟ್ಟಿಗೆ ಇದು ಬೇಸರದ ವಿಷಯ. ಆದರೆ ಮೂವತ್ತು ವರ್ಷ ಕಾದವರು ಬೇರೆ ಬಾಗಿಲು ತಟ್ಟಿದರು ಅಂತ ಅವರನ್ನು ಬೈಯಲು ನನ್ನಿಂದಾಗದು.

"ಅಲ್ಲಿಯವರು ನಮ್ಮಂಥವರನ್ನು ಹೇಗೆ ನೋಡುತ್ತಾರೆ?" ಅಂತ ಒಬ್ಬ ಹುಡುಗಿ ಕೇಳಿದಳು. ಗಣಿ ಊರುಗಳಿಗೆ ಇಂಗ್ಲಿಷ್ ಡಾಕ್ಟರುಗಳು ಬರಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದವರಲ್ಲಿ ಭಾರತದವರು ಬಹಳ. ಜನ ಅದನ್ನು ಮರೆತಿಲ್ಲ. ನನಗೆ ಈಗಲೂ ತೋಟದ ಈರುಳ್ಳಿ ಸೊಪ್ಪಿನಂಥ ದಪ್ಪ ಲೀಕ್ ತಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಲೀಕ್ ಬೆಳೆಯುವುದರಲ್ಲಿ ಆ ಊರುಗಳಿಗೆ ದೊಡ್ಡ ಪೈಪೋಟಿ, ಪ್ರತಿ ವರ್ಷ ಪ್ರದರ್ಶನ ಇರುತ್ತದೆ.

ಇನ್ನೊಬ್ಬರು ಕೇಳಿದ್ದು ಮುಂದಿನ ದಾರಿಯ ಬಗ್ಗೆ. ಎರಡು ಮಾತು ಹೇಳಿದೆ. ಒಂದು, ಪಿಂಚಣಿ. 1994ರಿಂದ ಗಣಿ ಕಾರ್ಮಿಕರ ಪಿಂಚಣಿ ನಿಧಿಯ ಹೆಚ್ಚುವರಿ ಹಣದಲ್ಲಿ ಅರ್ಧವನ್ನು ಸರ್ಕಾರ ತೆಗೆದುಕೊಳ್ಳುತ್ತಾ ಬಂತು. ಕೊನೆಗೆ 2024ರ ಬಜೆಟ್‌ನಲ್ಲಿ ಮೀಸಲಿಟ್ಟಿದ್ದ 150 ಕೋಟಿ ಪೌಂಡನ್ನು ಕಾರ್ಮಿಕರಿಗೆ ಬಿಟ್ಟುಕೊಟ್ಟಿತು, ಪಿಂಚಣಿ 32% ಏರಿತು. ಒಳ್ಳೆಯದಾಯಿತು, ಆದರೆ ಅಷ್ಟರೊಳಗೆ ಎಷ್ಟೋ ಜನ ತೀರಿಹೋಗಿದ್ದರು.

ಇನ್ನೊಂದು, ನೀರು. ಬಿಟ್ಟುಹೋದ ಸುರಂಗಗಳಲ್ಲಿ ನೀರು ತುಂಬಿದೆ. ಭೂಮಿಯ ಶಾಖಕ್ಕೆ ಅದು ಬೆಚ್ಚಗಿರುತ್ತದೆ. ಅದು ಕುಡಿಯುವ ನೀರಿಗೆ ಸೇರದಿರಲಿ ಅಂತ ಸೀಹ್ಯಾಮ್ ಪಕ್ಕದ ಡಾಡನ್‌ನಲ್ಲೂ ಹಾರ್ಡನ್‌ನಲ್ಲೂ ಹೇಗಿದ್ದರೂ ಪಂಪ್ ಮಾಡಿ ಶುದ್ಧ ಮಾಡುತ್ತಿದ್ದಾರೆ. ಗೇಟ್ಸ್‌ಹೆಡ್‌ನಲ್ಲಿ 2023ರಿಂದ ಇಂಥ ಗಣಿ ನೀರಿನ ಶಾಖವನ್ನು ಹೀಟ್ ಪಂಪಿನಿಂದ ಹೆಚ್ಚಿಸಿ ಕಟ್ಟಡಗಳಿಗೆ, ಮನೆಗಳಿಗೆ ಕೊಡುತ್ತಿದ್ದಾರೆ. ಸೀಹ್ಯಾಮ್‌ನ ಹೊಸ ಬಡಾವಣೆಗೂ ಅಂಥ ಯೋಜನೆ ಇದೆ. ಹೊಸ ಬಡಾವಣೆಗೆ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಆ ಸುರಂಗ ಕೊರೆದವರು ಇವತ್ತು ಹಳೇ ಸಾಲುಮನೆಗಳಲ್ಲಿ ಚಳಿಗಾಲದಲ್ಲಿ ಎರಡು ಕೋಟು ಹಾಕಿಕೊಂಡು, ಹೀಟರ್ ಹಾಕಿದರೆ ಬಿಲ್ಲು ಎಷ್ಟು ಬರುತ್ತದೋ ಅಂತ ಹೆದರಿ ಕೂತಿರುತ್ತಾರೆ. ಕೆಮ್ಮು ಜಾಸ್ತಿಯಾಗಿ ನನ್ನ ಹತ್ತಿರ ಬರುವವರು ಅವರೇ. ಪೈಪು ಮೊದಲು ಅವರ ಬೀದಿಗೆ ಬರಬೇಕು.